ಇರುಳಾಣ ಊಟ ಕಳುದ ಮತ್ತೆ ಬಡಿದಾಟ

ನೆರೆಕರೆಯ ಅಕ್ಕಂದ್ರಿಂಗೆ, ಅತ್ತಿಗೆಕ್ಕೊಗೆಲ್ಲ ಒಂದು ಸುದ್ದಿ ಎತ್ತಿದ್ದು – ಎಂಗಳ ಮನೆಲಿ ಶನಿವಾರ ಇರುಳು ಧಾರಾವಾಹಿ ಬಂದ್, ಚೀನದವರ ಬಡಿದಾಟದ ಸಿನೆಮ ಸುರು ಹೇಳಿ. "ಕತ್ತಿ ಹಿಡ್ಕೊಂಡು ಮಾಡಿಂದ ಮಾಡಿಂಗೆ ಹಾರುದರ ಎಂತ ನೋಡುದು? ಅದೂ ಅತ್ತೆಯ, ಬೆಳದ ಕೂಸಿನ ಒಟ್ಟಿಂಗೆ ಕೂರ್ಸಿಗೊಂಡು?" ಹೇಳಿ ಕೇಳಿದವು ಒಬ್ಬಿಬ್ಬರಲ್ಲ. ಅನುಪ್ಪತ್ಯಲ್ಲಿ ಬಾಳೆಲೆ ಉದ್ದುವಗ ಕೇಳ್ತವು, ಫೋನು ಮಾಡಿ ಕೇಳ್ತವು. ಎಲ್ಲೋರಿಂಗೂ ಬೇರೆ ಬೇರೆ ಉತ್ತರ ಕೊಟ್ಟುಗೊಂಡು ಕೂಬಲೆ ಎಡಿಯ. ಹಾಂಗಾಗಿ ಒಟ್ಟಿಂಗೆ ಇಲ್ಲಿ ಬರದು ಹಾಕುತ್ತೆ. ಓದಿಕ್ಕಿ ಮತ್ತೆ ನಿಂಗಳೇ ಹೇಳಿ.

ಸುರು ಮಾಡಿದ್ದು ಮಗಳು. ಅದಕ್ಕೆ ಈಗ 13 ವರ್ಷ. 4 ವರ್ಷಂದ ಕರಾಟೆ ಕ್ಲಾಸಿಂಗೆ ಹೋವುತ್ತು. ಕ್ಲಾಸಿನ ಮಕ್ಕೊ ಎಲ್ಲ ಬ್ರೂಸ್ ಲೀ, ಜಾಕಿ ಚಾನ್ ಹೇಳಿ ಮಾತಾಡ್ತವಡ. ಹಾಂಗೆ ಒಂದು ಶನಿವಾರ ಅದು ಮೊಬೈಲಿನ ಟೀವಿಗೆ ಕನೆಕ್ಟು ಮಾಡಿತ್ತು. ಇವು ಒಂಬತ್ತು ಗಂಟಗೇ ಒರಗುವ ಜೆನ. ಒಳುದ್ದು ಎಂಗೊ ಮೂರು ಹೆಮ್ಮಕ್ಕೊ – ಅತ್ತೆ, ಆನು, ಮಗಳು. ಅಡಿಲಿ ಇಂಗ್ಲಿಷಿಲಿ ಬರದು ಬತ್ತಲ್ಲದಾ, ಅದರ ಆನು ಅತ್ತಗೆ ನಮ್ಮ ಭಾಷೆಲಿ ಹೇಳ್ತೆ. ಹಾಂಗಾಗಿ ಶಾವೊಲಿನ್ ಮಠದ ಸನ್ಯಾಸಿಗಳೂ ಎಂಗಳ ಚಾವಡಿಲಿ "ನೀನು ಎಂತಕೆ ಬಂದದು ಮಾಣಿ?" ಹೇಳಿ ಹವ್ಯಕಲ್ಲೇ ಕೇಳ್ತವು. ಈ ಸಿನೆಮಂಗಳಲ್ಲಿ ಮಾತು ಕಮ್ಮಿ, ಅದೊಂದು ಉಪಕಾರ. ಬಡಿದಾಟ ಅಪ್ಪಗ ಎನ್ನ ಬಾಯಿಗೂ ರಜ್ಜ ವಿಶ್ರಾಂತಿ.

ಬ್ರೂಸ್ ಲೀಯ ಹೆಸರು ನಿಂಗೊ ಎಲ್ಲೋರೂ ಕೇಳಿಪ್ಪಿ. "ಎಂಟರ್ ದ ಡ್ರ್ಯಾಗನ್" 1973ರಲ್ಲಿ ಹೆರ ಬಪ್ಪ ಮದಲೇ, 32 ವರ್ಷಕ್ಕೇ ಆ ಜೆನ ತೀರಿಹೋದ. ಎಂಗೊ ನೋಡಿದ ಸುರುವಾಣ ಸಿನೆಮ ಅದುವೇ. ಮಗಳು ಸೋಫಾಂದ ಕೆಳ ಇಳುದು ನೋಡಿತ್ತು. ಅತ್ತೆ ಮಾಂತ್ರ, "ಲಾಯ್ಕ ಇದ್ದು, ಆದರೆ ಎನಗೆ ಕತೆ ಬೇಕು" ಹೇಳಿದವು. ಮತ್ತೆ ಎಂಗೊ ಕತೆ ಹುಡ್ಕಿಗೊಂಡು ಹೆರಟದು.

ಹಾಂಗೆ ಸಿಕ್ಕಿದ್ದು "ಕಮ್ ಡ್ರಿಂಕ್ ವಿದ್ ಮಿ". 1966ರದ್ದು, ಹಾಂಗ್‌ಕಾಂಗಿನ ಶಾ ಬ್ರದರ್ಸ್ ಕಂಪೆನಿದು. ನಿರ್ದೇಶಕ ಕಿಂಗ್ ಹು ಹೇಳ್ತ ಜೆನ. ಕಳ್ಳಂಗೊ ಒಬ್ಬ ಅಧಿಕಾರಿಯ ಹಿಡುದು ಕಟ್ಟಿ ಮಡಗುತ್ತವು. ಎಂಗಳ ನಾಯಕನ ಜೈಲಿಂದ ಬಿಟ್ಟರೆ ಇವನ ಬಿಡ್ತೆಯೊ ಹೇಳ್ತವು. ಅವನ ಬಿಡ್ಸಲೆ ಬಪ್ಪದು ಆರು? ಅವನ ತಂಗೆ. ಅದರ ಹೆಸರು ಗೋಲ್ಡನ್ ಸ್ವಾಲೋ – ಬಂಗಾರದ ಹಕ್ಕಿ ಹೇಳಿ ಎಂಗೊ ಹೇಳುದು. ಗೆಂಡುಮಕ್ಕಳ ವೇಷ ಹಾಕಿಗೊಂಡು ಒಂದು ಹೋಟ್ಲಿಂಗೆ ಬಂದು ಕೂರ್ತು. ಸುತ್ತೂ ಕಳ್ಳಂಗೊ. ಒಬ್ಬೊಬ್ಬನೇ ಬಂದು ಕೆಣಕುತ್ತ. ಇದು ಎದ್ದೂ ನಿಂಬಲಿಲ್ಲೆ, ದೊಡ್ಡಕೆ ಮಾತೂ ಆಡ್ಲಿಲ್ಲೆ. ಮನೆಗೆ ಬಂದ ನೆಂಟ್ರ ಪಂಚಾತಿಗೆಯ ಕೇಳಿಗೊಂಡು ಬೆಂದಿಗೆ ಕೊರವ ದೊಡ್ಡಬ್ಬೆಯ ಹಾಂಗೆ ತಣ್ಣಂಗೆ ಕೂದಿರ್ತು. ಕಳ್ಳಂಗೊಕ್ಕೆ ಹೆದರಿಕೆ ಅಪ್ಪದು ಅದರ ಆ ಕೂಪಣೆಲೇ.

ಮತ್ತೆ ಬಡಿದಾಟ ಸುರುವಪ್ಪಗ ಅತ್ತೆ ನೆಟ್ಟಗೆ ಕೂದವು. "ಇದು ಬಡಿದಾಟ ಅಲ್ಲ ಕೂಸೇ, ಇದು ದಿಗಿಣ" ಹೇಳಿದವು. ಅಪ್ಪಾದ ಮಾತು. ಕಿಂಗ್ ಹು ಹುಟ್ಟಿ ಬೆಳದ್ದು ಬೀಜಿಂಗಿಲಿ. ಅಲ್ಯಾಣ ಪೀಕಿಂಗ್ ಒಪೆರಾ ಹೇಳಿರೆ ನಮ್ಮ ಬಯಲಾಟದ ಹಾಂಗಿಪ್ಪದೇ ಒಂದು ಕಲೆ – ಮೋರೆಗೆ ಬಣ್ಣ, ತಾಳಕ್ಕೆ ಸರಿಯಾಗಿ ಹೆಜ್ಜೆ, ಹಾರುದು, ತಿರುಗುದು, ಒಂದರಿ ನಿಂದು ನೋಡುದು. ಅವು ಸಿನೆಮದ ಬಡಿದಾಟವ ಆ ಲೆಕ್ಕಲ್ಲೇ ಕೂರ್ಸಿದ್ದು. ಪೆಟ್ಟು ಬಿದ್ದದರಿಂದ ಹೆಚ್ಚು ಪೆಟ್ಟಿನ ಮದಲಾಣ ಮೌನ ಇರ್ತು. ಇರುಳಿಡೀ ಆಟ ನೋಡಿ ಬೆಳದ ಅತ್ತಗೆ ಅದು ಅರ್ಥ ಅಪ್ಪಲೆ ಎನ್ನ ಅನುವಾದ ಬೇಕಾಯಿದಿಲ್ಲೆ.

ಬಂಗಾರದ ಹಕ್ಕಿಯ ಪಾತ್ರ ಮಾಡಿದ್ದು ಚೆಂಗ್ ಪೈಪೈ. 1946ರಲ್ಲಿ ಶಾಂಘಾಯಿಲಿ ಹುಟ್ಟಿದವು. ಕಲ್ತದು ಯುದ್ಧವಿದ್ಯೆ ಅಲ್ಲ, ಬ್ಯಾಲೆ ನಾಟ್ಯ. ಈ ಸಿನೆಮ ಬಪ್ಪಗ 20ರ ಹರೆಯ. ಅದರಿಂದ ಮತ್ತೆ ಕತ್ತಿ ಹಿಡುದ ರಾಣಿ ಹೇಳಿಯೇ ಅವಕ್ಕೆ ಹೆಸರಾತು. ಆದರೆ ಹೆಚ್ಚು ಸಮಯ ಇಲ್ಲೆ – 1970ರ ಹೊತ್ತಿಂಗೆ ಮದುವೆ ಆಗಿ ಅಮೇರಿಕಕ್ಕೆ ಹೋದವು, ನಾಲ್ಕು ಮಕ್ಕಳ ಸಾಂಕಿದವು. ಈ ಹೆಸರಿನ ನೆಂಪು ಮಡಿಕ್ಕೊಳ್ಳಿ, ಮುಂದೆ ಬತ್ತು.

ಎರಡನೆದು "ದ 36ತ್ ಚೇಂಬರ್ ಆಫ್ ಶಾವೊಲಿನ್". 1978ರದ್ದು, ಲಾವ್ ಕಾರ್ ಲಿಯುಂಗ್ ನಿರ್ದೇಶನ, ಗಾರ್ಡನ್ ಲಿಯು ನಾಯಕ. ರಾಜ್ಯದವರ ಉಪದ್ರಂದ ಮನೆಯವರ ಕಳಕ್ಕೊಂಡ ಮಾಣಿ ಒಬ್ಬ ಶಾವೊಲಿನ್ ಮಠಕ್ಕೆ ಓಡಿ ಬತ್ತ. ಅಲ್ಲಿ 35 ಕೋಣೆಗೊ, ಒಂದೊಂದರಲ್ಲಿ ಒಂದೊಂದು ಪಾಠ. ಇವ ಉಷಾರಿ, ಎಲ್ಲಕ್ಕಿಂತ ಮೇಲಾಣದ್ದೇ ಬೇಕು ಹೇಳ್ತ. ಅಲ್ಲಿ ಹೋದ ಕೂಡ್ಲೇ ಅಡಿಮೇಲಾಗಿ ಬೀಳ್ತ. ಮತ್ತೆ ಸುರುವಿಂದ ಸುರು.

ಸುರುವಾಣ ಪಾಠ ಎಂತ ಗೊಂತಿದ್ದೊ? ಉಂಬಲೆ ಹೋಪದು. ಊಟದ ಕೋಣೆಯ ಎದುರು ನೀರು, ನೀರಿಲಿ ತೇಲುವ ಮರದ ಕಟ್ಟ. ಅದರ ಮೆಟ್ಟಿ ದಾಂಟಿದರೆ ಊಟ, ನೀರಿಂಗೆ ಬಿದ್ದರೆ ಚೆಂಡಿ ವಸ್ತ್ರ. ಮತ್ತಾಣದ್ದು ನೀರು ಹೊರುದು. ಎರಡು ಕೈಯನ್ನೂ ಬಿಡ್ಸಿ ನೀಡಿ, ಒಂದೊಂದರಲ್ಲಿ ಒಂದೊಂದು ಬಾಲ್ದಿ. ತೋಳಿಂಗೆ ಕತ್ತಿ ಕಟ್ಟಿರ್ತವು – ಕೈ ರಜ್ಜ ಇಳುದರೆ ಬರಿಯಂಗೆ ಕುತ್ತುಗು. ಮತ್ತೆ ಭಾರದ ಸುತ್ತಿಗೆ ಬಡುದು ಮಣಿಗಂಟು ಗಟ್ಟಿ ಮಾಡುದು, ಮರಳಿನ ಚೀಲಕ್ಕೆ ತಲೆ ಕುಟ್ಟುದು. ಸಿನೆಮದ ಹೆಚ್ಚಿನ ಪಾಲೂ ಇದುವೇ. ಬೇಜಾರಕ್ಕು ಹೇಳಿ ಗ್ರೇಶಿರೆ ಕಣ್ಣು ತೆಗವಲೆ ಎಡಿತ್ತಿಲ್ಲೆ.

ಅತ್ತೆ ಈ ನೀರು ಹೊರುದರ ನೋಡಿ ನೆಗೆ ಮಾಡಿದವು. ಅವು ಮದುವೆ ಆಗಿ ಈ ಮನಗೆ ಬಪ್ಪಗ 17 ವರ್ಷ. ಬಾವಿ ಕೆಳ ತೋಟದ ಕರೇಲಿ. ಸೊಂಟಲ್ಲಿ ಒಂದು ಕೊಡಪಾನ, ಕೈಲಿ ಒಂದು, ದಿನಕ್ಕೆ ಎಷ್ಟೋ ಸರ್ತಿ ಗುಡ್ಡೆ ಹತ್ತೆಕ್ಕು. "ಎನ್ನ ತೋಳಿಂಗೆ ಆರೂ ಕತ್ತಿ ಕಟ್ಟಿತ್ತಿದ್ದವಿಲ್ಲೆ. ಎನ್ನ ಅತ್ತೆಯ ಕಣ್ಣು ಇತ್ತು, ಅದು ಸಾಕಾವುತ್ತಿತ್ತು" ಹೇಳಿದವು. ಮಗಳು ನೆಗೆ ಮಾಡಿ ಮಾಡಿ ಕುರ್ಶಿಂದ ಬೀಳ್ಲಾತು.

ಆದರೆ ಸಿನೆಮದ ಸಂಗತಿ ಇಪ್ಪದು ಕಡೇಂಗೆ. ಮಾಣಿ 35 ಕೋಣೆಯನ್ನೂ ಕಲ್ತು ಮುಗಿಶುತ್ತ. ನಿನಗೆ ಯಾವ ಕೋಣೆಯ ಗುರು ಆಯೆಕ್ಕು ಹೇಳಿ ಕೇಳಿರೆ, "36ನೆಯದು ಒಂದು ಬೇಕು, ಹೆರಾಣ ಸಾಮಾನ್ಯ ಜನಂಗೊಕ್ಕೆ ಕಲಿಶುವ ಕೋಣೆ" ಹೇಳುವ ಅರ್ಥಲ್ಲಿ ಮಾತಾಡ್ತ. ಮಠದವಕ್ಕೆ ಅದು ಒಪ್ಪಿಗೆ ಇಲ್ಲೆ. ಶಿಕ್ಷೆ ಹೇಳ್ತ ಲೆಕ್ಕಲ್ಲಿ ಅವನ ಹೆರ ಕಳುಸುತ್ತವು. ಅವ ಹೋಗಿ ಊರಿನ ಕೂಲಿಯವಕ್ಕೆ, ಬಡವಕ್ಕೆ ಕಲಿಶುತ್ತ. ಕಲಿವದು ಎಷ್ಟು ಕಷ್ಟ ಹೇಳಿ ಅಷ್ಟು ಹೊತ್ತು ತೋರ್ಸಿಕ್ಕಿ, ಮತ್ತೆ ಸಿನೆಮ ಕೇಳುದು ಕಲ್ತದರ ಆರಿಂಗೆ ಕೊಡುದು ಹೇಳಿ. ಎನಗೆ ಈ ಎಲ್ಲ ಸಿನೆಮಂಗಳಲ್ಲಿ ಆ ಪ್ರಶ್ನೆ ಕಾಂಬಲೆ ಸುರುವಾದ್ದು ಅಲ್ಲಿಂದ.

ಜಪಾನಿನ "ಸೆವೆನ್ ಸಮುರಾಯ್" ನೋಡಿ. ಅಕಿರ ಕುರೊಸಾವ 1954ರಲ್ಲಿ ಮಾಡಿದ್ದು, 207 ನಿಮಿಷ. ಎಂಗೊ ಎರಡು ಶನಿವಾರ ತೆಕ್ಕೊಂಡೆಯೊ. ಇದರಲ್ಲಿ ಹಾರುದು ಇಲ್ಲೆ, ಕೆಸರು, ಮಳೆ, ಕುದುರೆ, ನಿಜವಾದ ಹೆದರಿಕೆ. ಬೆಳೆ ಕೊಯಿವ ಹೊತ್ತಿಂಗೆ ಕಳ್ಳಂಗೊ ಬತ್ತವು ಹೇಳಿ ಗೊಂತಾದ ಒಂದು ಹಳ್ಳಿಯ ರೈತರು, ಕತ್ತಿ ಹಿಡಿವ ಸಮುರಾಯಿಗಳ ಹುಡ್ಕಿಗೊಂಡು ಹೋವುತ್ತವು. ಕೊಡ್ಲೆ ಪೈಸೆ ಇಲ್ಲೆ, ಅಶನ ಹಾಕುವೆಯೊ ಹೇಳ್ತವು. ಬಂದವಕ್ಕೆ ಅಕ್ಕಿಯ ಅಶನ, ತಾವು ತಿಂಬದು ಸಾಮೆಯ ಹಾಂಗಿಪ್ಪ ಕಿರುಧಾನ್ಯ. ಅದು ಗೊಂತಪ್ಪಗ ಸಮುರಾಯಿಗಳ ಮುಖ್ಯಸ್ಥ ಅಶನದ ಬಟ್ಳಿನ ಸುಮ್ಮನೆ ಕೈಲಿ ಹಿಡ್ಕೊಳ್ತ. ಅತ್ತೆ ಆ ದೃಶ್ಯಲ್ಲಿ ಎಂತದೂ ಮಾತಾಡಿದ್ದವಿಲ್ಲೆ. ನೆಂಟ್ರಿಂಗೆ ಬಡುಸಿ ಮತ್ತೆ ಪಾತ್ರದ ಅಡಿ ಕೆರಸಿ ಉಂಡ ಹೆಮ್ಮಕ್ಕೊಗೆ ಅದರ ಹೇಳಿಕೊಡ್ಲೆ ಎಂತ ಇದ್ದು?

ಇಲ್ಲಿಯೂ ಪಾಠವೇ. ಸಮುರಾಯಿಗೊ ರೈತರಿಂಗೆ ಬೆದುರಿನ ಈಟಿ ಕೊಟ್ಟು ಸಾಲಿಲಿ ನಿಂಬಲೆ ಕಲಿಶುತ್ತವು. ಅದೇ ಹಳ್ಳಿಲಿ ಒಬ್ಬ ಅಪ್ಪ, ಸಮುರಾಯಿಗೊ ಬತ್ತವು ಹೇಳಿ ಹೆದರಿ, ಮಗಳ ಉದ್ದ ತಲೆಕಸವ ಹಿಡುದು ಎಳದು ಕತ್ತರ್ಸುತ್ತ, ಮಾಣಿಯ ಹಾಂಗೆ ಕಾಣಲಿ ಹೇಳಿ. ಅದು ಕೂಗುತ್ತು, ಅವ ಕೇಳ್ತಾಇಲ್ಲೆ. ಎನ್ನ ಮಗಳಿಂಗೆ ಪಿಸುರು ಬಂತು. "ಮಾಣಿಯಂಗೊಕ್ಕೆಲ್ಲ ಈಟಿ ಕೊಟ್ಟವನ್ನೇ, ಇದಕ್ಕೂ ಒಂದು ಕೊಟ್ಟರೆ ಎಂತ?" ಹೇಳಿ ಕೇಳಿತ್ತು. ಅಲ್ಲಿ ಉತ್ತರ ಇಲ್ಲೆ. ಕಡೇಂಗೆ ಏಳರಲ್ಲಿ ನಾಲ್ಕು ಜೆನ ಸಮುರಾಯಿಗೊ ಗುಂಡು ತಾಗಿ ಸಾಯ್ತವು. ಹಳ್ಳಿಯವು ಪದ ಹೇಳಿಗೊಂಡು ನೇಜಿ ನೆಡ್ತವು. ನೇಜಿ ಕಂಡಪ್ಪಗ ಅತ್ತೆಯ ಮೋರೆ ಅರಳಿತ್ತು. "ಇಲ್ಲಿ ಗದ್ದೆ ಇಪ್ಪಗ ಎಂಗೊ ಹೀಂಗೇ ಆಳುಗಳ ಒಟ್ಟಿಂಗೆ ಸಾಲಿಲಿ" ಹೇಳಿ ಸುಮಾರು ಹೊತ್ತು ಗದ್ದೆಯ ಸುದ್ದಿಯೇ ಆತು.

ಕಿಂಗ್ ಹುವಿನ ಇನ್ನೊಂದು ಇದ್ದು, "ಎ ಟಚ್ ಆಫ್ ಝೆನ್". 1971ರದ್ದು, ಮೂರು ಗಂಟೆಯದ್ದು. 1975ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವಲ್ಲಿ ತಾಂತ್ರಿಕ ಬಹುಮಾನ ಸಿಕ್ಕಿದ್ದು ಅದಕ್ಕೆ. ಚಿತ್ರ ಬರದು ಬದುಕುವ ಒಬ್ಬ ಮಾಣಿ, ಅವನ ಅಬ್ಬೆ. ಅಬ್ಬಗೆ ಎರಡೇ ಹಟ – ಮಗ ಸರಕಾರಿ ಪರೀಕ್ಷೆ ಬರೆಯೆಕ್ಕು, ಮದುವೆ ಆಯೆಕ್ಕು. ಸುಮಾರು ಒಂದು ಗಂಟೆ ಬಡಿದಾಟವೇ ಇಲ್ಲೆ, ಅಬ್ಬೆಯ ಪರಂಚಾಣವೇ. "ಆ ಅಬ್ಬೆ ಹೇಳುದು ಸರಿ ಇದ್ದು" ಹೇಳಿ ಅತ್ತೆಯ ತೀರ್ಪು. ಹತ್ತರಾಣ ಪಾಳು ಮನಗೆ ಬಂದ ಕೂಸು, ಯಾಂಗ್, ಅಪ್ಪನ ಕೊಲ್ಸಿದವರಿಂದ ತಪ್ಪುಸಿಗೊಂಡು ಬಂದದು. ಬೆದುರಿನ ಕಾಡಿಲಿ ಅದು ಮೇಲಂದ ಹಾರಿ ಇಳಿವದರ ನೋಡೆಕ್ಕು. ಶು ಫೆಂಗ್ ಹೇಳ್ತ ನಟಿ. ಸೆರಗು ಸಿಕ್ಕಿಸಿ ಕೆಲಸಕ್ಕೆ ಇಳುದವರ ಮೋರೆ ಹೇಂಗೆ ಇರ್ತೋ ಹಾಂಗೆ – ಪಿಸುರೂ ಇಲ್ಲೆ, ನೆಗೆಯೂ ಇಲ್ಲೆ.

ಈಗ ಆನು ಹೇಳ್ಲೆ ಹೆರಟ ಸಿನೆಮಕ್ಕೆ ಬತ್ತೆ. "ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್", 2000ನೇ ಇಸವಿದು. ನಿರ್ದೇಶಕ ತೈವಾನಿನ ಆಂಗ್ ಲೀ. ನಾಲ್ಕು ಆಸ್ಕರ್ ಬಂತು ಇದಕ್ಕೆ. ಕಿಂಗ್ ಹುವಿನ ಬೆದುರಿನ ಕಾಡಿಂಗೆ ಗೌರವ ಕೊಟ್ಟು ಇದರಲ್ಲಿಯೂ ಬೆದುರಿನ ಮೇಲೆ ಒಂದು ಕಾಳಗ ಇದ್ದು. ಕತೆಲಿ ಮೂರು ಹೆಮ್ಮಕ್ಕೊ. ಒಂದು ಶು ಲಿಯೆನ್, ಮಿಶೆಲ್ ಯೋ ಮಾಡಿದ ಪಾತ್ರ. ಅಪ್ಪ ನಡೆಶಿಗೊಂಡಿದ್ದ ಸರಕು ಕಾವಲಿನ ಕಸುಬಿನ ನೋಡಿಗೊಂಬದು ಅದುವೇ. ಎರಡನೆದು ಜೆನ್, ದೊಡ್ಡ ಅಧಿಕಾರಿಯ ಮಗಳು. ಮದುವೆ ನಿಘಂಟಾಯಿದು, ಅಪ್ಪನ ಉದ್ಯೋಗಕ್ಕೆ ಅನುಕೂಲ ಅಪ್ಪಂಥ ಮದುವೆ. ಹಗಲು ರೇಷ್ಮೆ ಸುತ್ತಿಗೊಂಡು ತಲೆ ತಗ್ಗುಸಿ ಕೂಪದು, ಇರುಳು ಮಾಡಿನ ಮೇಲೆ ಓಡುದು.

ಮೂರನೆದು ಅದರ ಸಾಂಕಿದ ಹೆಂಗಸು. ಆ ಅಧಿಕಾರಿಯ ಮನೆಲಿ ಕೆಲಸದ್ದು ಹೇಳಿ ಎಲ್ಲೋರೂ ಗ್ರೇಶಿದ್ದು. ನಿಜವಾಗಿ ಅದು ಪೋಲೀಸರು ಹುಡ್ಕುವ ಕೊಲೆಗಾತಿ, ಜೇಡ್ ಫಾಕ್ಸ್. ಎಂಗೊ ಪಚ್ಚೆ ನರಿ ಹೇಳುದು. ಜವ್ವನಲ್ಲಿ ಅದಕ್ಕೆ ವುಡಾಂಗ್ ಮಠದ ವಿದ್ಯೆ ಬೇಕಿತ್ತು. ಅಲ್ಯಾಣ ಗುರು ಅದರ ಹತ್ತರೆ ಸೇರ್ಸಿಗೊಂಡ, ವಿದ್ಯೆ ಮಾಂತ್ರ ಕಲಿಶಿದ್ದ ಇಲ್ಲೆ, ಹೆಣ್ಣಿಂಗೆ ಅದಿಲ್ಲೆ ಹೇಳಿ. ಅದು ಅವಂಗೆ ವಿಷ ಹಾಕಿ ಕೊಂದು, ಮಠದ ಪುಸ್ತಕವ ಕದ್ದು ಓಡಿತ್ತು. ಪುಸ್ತಕ ಕೈಗೆ ಬಂತು. ಆದರೆ ಅದರಲ್ಲಿ ಬರದ್ದರ ಓದಿ ಅರ್ಥ ಮಾಡ್ಲೆ ಅದಕ್ಕೆ ಎಡಿಯ. ಚಿತ್ರ ಇತ್ತಿದ್ದು – ಕೈ ಹೇಂಗೆ, ಕಾಲು ಹೇಂಗೆ ಹೇಳಿ. ಆ ಚಿತ್ರವ ನೋಡಿ ನೋಡಿಯೇ ವರ್ಷಗಟ್ಲೆ ಕಲ್ತತ್ತು, ಜೆನ್ನಿಂಗೂ ಕಲಿಶಿತ್ತು.

ಜೆನ್ ಓದ್ಲೆ ಗೊಂತಿಪ್ಪ ಕೂಸು. ಪುಸ್ತಕದ ಅಕ್ಷರವ ಗುಟ್ಟಿಲಿ ಓದಿ, ಗುರುವಿಂದ ಎಷ್ಟೋ ಮುಂದೆ ಹೋತು. ಹೇಳಿದ್ದಿಲ್ಲೆ. ಸಣ್ಣ ಪ್ರಾಯಂದಲೇ ಮುಚ್ಚಿ ಮಡಗಿತ್ತು. ಒಂದು ದಿನ ಬಡಿದಾಟದ ಮಧ್ಯಲ್ಲಿ ಪಚ್ಚೆ ನರಿಗೆ ಅದು ಗೊಂತಾವುತ್ತು. ತನಗೆ ಒಂದೇ ಒಂದು ಶಿಷ್ಯೆ, ಮಗಳ ಹಾಂಗೆ ಸಾಂಕಿದ್ದು, ಅದುದೆ ತನ್ನತ್ರೆ ಅಕ್ಷರವ ಅಡಗುಸಿತ್ತು ಹೇಳಿ. ಕಡೇಂಗೆ ಪಚ್ಚೆ ನರಿ ವಿಷದ ಸೂಜಿ ಬಿಟ್ಟದು ಆ ಕೂಸಿಂಗೇ ಹೇಳಿ. ತಾಗಿದ್ದು ಮಧ್ಯಲ್ಲಿ ಬಂದ ಇನ್ನೊಬ್ಬ ಒಳ್ಳೆ ಜೆನಕ್ಕೆ. ಒಬ್ಬ ಗುರು ಒಂದು ಹೆಣ್ಣಿಂಗೆ ಕೊಡದ್ದ ವಿದ್ಯೆ ಎಷ್ಟು ಜೆನರ ತಿಂದತ್ತು ಹೇಳಿ ಲೆಕ್ಕ ಹಾಕಿ.

ಸಿನೆಮಲ್ಲಿ ಅದರ ಕೆಟ್ಟವರ ಸಾಲಿಲಿ ನಿಲ್ಸಿದ್ದವು, ಕೊಲೆ ಮಾಡಿದ್ದು ಸುಳ್ಳಲ್ಲನ್ನೆ. ಮಗಳು "ಅಬ್ಬ, ಸತ್ತತ್ತು" ಹೇಳಿ ಸಮಾಧಾನಪಟ್ಟತ್ತು. ಅತ್ತೆ ಮಾಂತ್ರ ಹಂದಿದ್ದವಿಲ್ಲೆ. ರಜ್ಜ ಹೊತ್ತು ಕಳುದು ಹೇಳಿದವು:

"ಅಣ್ಣಂದ್ರ ಪುಸ್ತಕಲ್ಲಿ ಆನುದೆ ಚಿತ್ರ ಮಾಂತ್ರ ನೋಡಿದ್ದು."

ಆನು ಈ ಮನಗೆ ಬಂದು 18 ವರ್ಷ ಆತು. ಈ ಒಂದು ಮಾತಿನ ಅವು ಯಾವಗಳೂ ಹೇಳಿದ್ದವಿಲ್ಲೆ. ಅತ್ತೆಯ ಅಪ್ಪನ ಮನೆಲಿ ಮಾಣಿಯಂಗೊಕ್ಕೆ ಪಾಠ ಹೇಳಿಕೊಡ್ಲೆ ಒಬ್ಬ ಮಾಷ್ಟ್ರು ಮನಗೇ ಬಂದುಗೊಂಡಿತ್ತಿದ್ದವಡ. ಪಾಠ ಚಾವಡಿಲಿ. ಅತ್ತೆ ಒಳ ಕಡವಲೆ ಕೂದುಗೊಂಡಿತ್ತಿದ್ದವು. ಮಗ್ಗಿ ಕೆಮಿಗೆ ಬಿದ್ದದು ಬಿದ್ದ ಹಾಂಗೆ ಬಾಯಿಪಾಠ ಆತು. ಇಂದಿಂಗೂ ಅಡಕ್ಕೆಯ ತೂಕ, ರೇಟು, ಆಳುಗಳ ಸಂಬಳ ಎಲ್ಲ ಬಾಯಿಲೆಕ್ಕಲ್ಲೇ, ಆನು ಮೊಬೈಲು ತೆಗವ ಮದಲು ಉತ್ತರ ಬಕ್ಕು. ಆದರೆ ಅಕ್ಷರ ಕೆಮಿಲಿ ಕೇಳಿರೆ ಬತ್ತಿಲ್ಲೆನ್ನೆ. ಅಣ್ಣಂದ್ರು ತೋಟಕ್ಕೆ ಹೋದಪ್ಪಗ ಪುಸ್ತಕ ಬಿಡ್ಸಿ ನೋಡಿಗೊಂಡಿತ್ತಿದ್ದವಡ – ಆನೆದು ಚಿತ್ರ, ರೈಲಿನ ಚಿತ್ರ. ಮದುವೆ ಆಗಿ ಇಲ್ಲಿಗೆ ಬಂದ ಮತ್ತೆ ಮಾವನೇ ಇರುಳು ಚಿಮಿಣಿ ದೀಪಲ್ಲಿ ಅಆಇಈ ಬರೆಶಿದ್ದು. ಈಗ ಪೇಪರು ನಿಧಾನಕ್ಕೆ ಓದ್ತವು, ಬೆರಳು ಮಡಗಿಗೊಂಡು.

"ಎನಗೆ ಪಿಸುರು ಇತ್ತಿದ್ದು" ಹೇಳಿದವು ಅತ್ತೆ. "ಆರ ಮೇಲೆ ಹೇಳಿ ಗೊಂತಾವುತ್ತಿತ್ತಿಲ್ಲೆ. ಅಣ್ಣಂದ್ರು ಪಾಪದವು. ನಿನ್ನ ಮಾವ ಕಲಿಶಿದವು, ಹಾಂಗಾಗಿ ಅದು ಕರಗಿತ್ತು. ಇದಕ್ಕೆ ಆರೂ ಸಿಕ್ಕಿದ್ದವಿಲ್ಲೆ." ಇದಕ್ಕೆ ಹೇಳಿರೆ ಟೀವಿಲಿ ಸತ್ತು ಬಿದ್ದ ಪಚ್ಚೆ ನರಿಗೆ.

ಆ ಮೇಲೆ ಆನು ಹೇಳಿದೆ, ಈ ಪಚ್ಚೆ ನರಿ ಆರು ಗೊಂತಿದ್ದೋ ಅತ್ತೆ, ಅದೇ ನಮ್ಮ ಬಂಗಾರದ ಹಕ್ಕಿ ಹೇಳಿ. ಅಪ್ಪು, ಚೆಂಗ್ ಪೈಪೈಯೇ. 1966ರಲ್ಲಿ ಕಳ್ಳಂಗಳ ಮಧ್ಯಲ್ಲಿ ತಣ್ಣಂಗೆ ಕೂದ ಆ ಕೂಸು, 34 ವರ್ಷ ಕಳುದು ಈ ಮುದುಕಿ. ಅತ್ತೆ ನಂಬಿದ್ದವಿಲ್ಲೆ, ಮಗಳು ಎರಡು ಫೋಟವನ್ನೂ ಒಟ್ಟಿಂಗೆ ತೆಗದು ತೋರ್ಸೆಕ್ಕಾತು. ಮಾಡಿದವು ಬೇಕು ಹೇಳಿ ಮಾಡಿದವೋ ಅಲ್ಲದೋ, ಎನಗಂತೂ ಇದು ಒಂದೇ ಕತೆಯ ಎರಡು ದಾರಿ ಹಾಂಗೆ ಕಾಣ್ತು. ಕತ್ತಿ ಕೊಟ್ಟು ಕಳುಸಿದ ಮನೆಯ ಮಗಳು ಬಂಗಾರದ ಹಕ್ಕಿ ಆತು. ಬಾಗಿಲು ಹಾಕಿಸಿಗೊಂಡದು ಪಚ್ಚೆ ನರಿ ಆತು. ಮೋರೆ ಒಂದೇ. ಚೆಂಗ್ ಪೈಪೈ 2024ರ ಜುಲೈಲಿ ತೀರಿಗೊಂಡವು, 78 ವರ್ಷ. ಮೆದುಳಿಂಗೆ ಬಪ್ಪ ಅಪರೂಪದ ಒಂದು ಸೀಕು ಇತ್ತು ಅವಕ್ಕೆ. ತನ್ನ ಮೆದುಳಿನ ಸಂಶೋಧನೆಗೆ ಕೊಟ್ಟಿಕ್ಕಿ ಹೋದವು. ಮುಂದಾಣವು ಕಲಿಯಲಿ ಹೇಳಿ.

ಇನ್ನು ಎಂಗಳ ಮನೆಯ ಸಂಗತಿ. ಮಗಳು ದೊಡ್ಡ ಆದ ಮತ್ತೆ ಕರಾಟೆ ಬಿಡ್ಸಿ ಹೇಳಿ ಹೇಳಿದವು ಸುಮಾರು ಜೆನ. ನಿಂಗಳಲ್ಲಿಯೂ ಒಂದಿಬ್ರು ಇದ್ದಿ, ಬೇಜಾರು ಮಾಡಿಗೊಳ್ಳೆಡಿ. "ಕೈ ಕಾಲು ಗಡಸು ಅಕ್ಕು", "ಪೆಟ್ಟಾದರೆ ನಾಳಂಗೆ ಕಷ್ಟ", "ಮಾಣಿಯಂಗಳೊಟ್ಟಿಂಗೆ ಎಂತಕೆ" – ಹೇಳಿದವು ಪ್ರೀತಿಲೇ ಹೇಳಿದ್ದು ಹೇಳಿ ಎನಗೆ ಗೊಂತಿದ್ದು. ಇವು "ನಿಂಗಳೇ ಆಲೋಚನೆ ಮಾಡಿ" ಹೇಳಿಕ್ಕಿ ಪೇಪರು ಬಿಡ್ಸಿದವು. ಆನು ಎರಡು ತಿಂಗಳು ಅತ್ಲಾಗಿಯೂ ಇತ್ಲಾಗಿಯೂ ಇತ್ತಿದ್ದೆ. ಅತ್ತೆ ಈ ವಿಷಯಲ್ಲಿ ಅಷ್ಟರ ವರೆಗೆ ಬಾಯಿ ಬಿಟ್ಟಿತ್ತಿದ್ದವಿಲ್ಲೆ.

ಮಗಳಿಂಗೆ ಒಂದು ವಾದ ಇತ್ತು, ಅದುದೆ ಸಿನೆಮಂದಲೇ ಬಂದದು. ಬ್ರೂಸ್ ಲೀ ಸಣ್ಣಾಗಿಪ್ಪಗ ಹಾಂಗ್‌ಕಾಂಗಿಲಿ ಇಪ್ ಮಾನ್ ಹೇಳ್ತ ಗುರುವಿಂದ ಕಲ್ತ ವಿದ್ಯೆಯ ಹೆಸರು ವಿಂಗ್ ಚುನ್. ಅದು ಒಂದು ಕೂಸಿನ ಹೆಸರಡ. ಕತೆ ಹೇಂಗೆ ಹೇಳಿರೆ – ಒಬ್ಬ ಪುಂಡ ಆ ಕೂಸಿನ ಒತ್ತಾಯಲ್ಲಿ ಮದುವೆ ಅಪ್ಪಲೆ ಬತ್ತ. ಒಂದು ಸನ್ಯಾಸಿನಿ ಅದಕ್ಕೆ ವಿದ್ಯೆ ಕಲಿಶುತ್ತು. ಕೂಸು ಅವನ ಸೋಲ್ಸುತ್ತು. ಐತಿಹ್ಯವೇ ಇಕ್ಕು, ಆದರೆ ಅಷ್ಟು ದೊಡ್ಡ ವಿದ್ಯೆಗೆ ಆ ಹೆಸರೇ ಒಳುದ್ದು. ಅದರ ಮೇಲೆ 1994ರಲ್ಲಿ "ವಿಂಗ್ ಚುನ್" ಹೇಳಿ ಸಿನೆಮ ಬಂತು, ಮಿಶೆಲ್ ಯೋ ನಾಯಕಿ. ತೋಫು ಮಾರುವ ಮನೆಯ ಕೂಸು. ತೋಫು ಹೇಳಿರೆ ಸೋಯಾ ಹಾಲಿನ ಒಡೆಶಿ ಮಾಡುವ ಮೆಸ್ತಂಗಿನ ಗಟ್ಟಿ. ಅದರ ಒಂದು ತುಂಡು ಒಡೆ ನೋಡುವೊ° ಹೇಳಿ ಪೈಲ್ವಾನಂಗೆ ಸವಾಲು. ಅವ ಎಷ್ಟು ಹಾರಿರೂ ತೋಫಿಂಗೆ ಒಂದು ಗೀರು ಬೀಳದ್ದ ಹಾಂಗೆ ಅದು ಕಾಯ್ತು. ಅಡಿಗೆಕೋಣೆಲಿ ಬೆಶಿ ಪಾತ್ರ, ಎಣ್ಣೆ, ಹರಿವ ಮಕ್ಕೊ, ಎಲ್ಲದರ ಒಂದೇ ಸರ್ತಿ ಕಾವ ನವಗೆ ಈ ಕಾಳಗ ಹೊಸತ್ತಲ್ಲ.

ಮಿಶೆಲ್ ಯೋ ಮಲೇಶಿಯಾದ ಇಪೋ ಹೇಳ್ತ ಊರಿನವು. ಇಂಗ್ಲೆಂಡಿಂಗೆ ಹೋದ್ದು ಬ್ಯಾಲೆ ಕಲಿವಲೆ. ಬೆನ್ನಿಂಗೆ ಪೆಟ್ಟಾಗಿ ಅದು ನಿಂದತ್ತು. "ಕ್ರೌಚಿಂಗ್ ಟೈಗರ್" ಮಾಡುವಗ ಮೊಳಪ್ಪಿನ ನರ ಹರುದತ್ತು. ಆಪರೇಶನು ಆಗಿ ಬಂದು ಮುಗಿಶಿದವು. 2023ರಲ್ಲಿ 60 ವರ್ಷಲ್ಲಿ ಅತ್ಯುತ್ತಮ ನಟಿ ಹೇಳಿ ಆಸ್ಕರ್ ತೆಕ್ಕೊಂಡವು. ಆ ಸಿನೆಮಲ್ಲಿ ಅವರ ಪಾತ್ರ ಎಂತ? ಬಟ್ಟೆ ಒಗವ ಅಂಗಡಿ ನಡೆಶುವ, ತೆರಿಗೆ ಕಾಗದಲ್ಲಿ ಮುಳುಗಿದ ಒಂದು ಮನೆಯೊಡತಿ. ಪೆಟ್ಟಾದರೆ ನಾಳಂಗೆ ಕಷ್ಟ ಹೇಳುವವಕ್ಕೆ ಮಗಳು ಕೊಡುವ ಉತ್ತರ ಇದು. ಪೆಟ್ಟು ಬ್ಯಾಲೆಲಿಯೂ ಆವುತ್ತು, ಬಚ್ಚಲಿಲಿ ಜಾರಿರೂ ಆವುತ್ತು ಹೇಳ್ತು.

ಪಚ್ಚೆ ನರಿಯ ನೋಡಿದ ಮರದಿನ ಆಯಿತ್ಯವಾರ. ಮಗಳು ಕ್ಲಾಸಿಂದ ಬಂತು. ಅತ್ತೆ ಜೆಗಿಲಿಲಿ ಅಡಕ್ಕೆ ಸೊಲುದುಗೊಂಡಿತ್ತಿದ್ದವು. "ಇಂದು ಎಂತ ಕಲಿಶಿದವು? ತೋರ್ಸು" ಹೇಳಿದವು. ಮಗಳು ಜಾಲಿಲಿ ನಿಂದು ತೋರ್ಸಿತ್ತು – ಒಂದು ಹೆಜ್ಜೆ ಮುಂದೆ, ಒಂದು ತಿರುಗಾಣ, ಒಂದು ಹೊಡೆತ, ನಿಂಬದು. ಅತ್ತೆ ಇನ್ನೊಂದರಿ ಮಾಡ್ಲೆ ಹೇಳಿದವು. "ಕಡೇಂಗೆ ನಿಂಬಲಿದ್ದನ್ನೇ, ಅದು ಸರಿ ಆಯಿದಿಲ್ಲೆ. ಬಂಗಾರದ ಹಕ್ಕಿ ಹೇಂಗೆ ನಿಂಗು?" ಹೇಳಿದವು. ಅಂದಿಂದ ಪ್ರತಿ ಆಯಿತ್ಯವಾರ ಈ ಪರೀಕ್ಷೆ ಇದ್ದು. ಕ್ಲಾಸು ಬಿಡ್ಸುವ ಮಾತು ಮನೆಲಿ ಆರೂ ಎತ್ತುತ್ತವಿಲ್ಲೆ, ಹೆರಂದ ಫೋನು ಬಂದರೆ ಅತ್ತೆಯೇ ತೆಕ್ಕೊಳ್ತವು. ಎಂತ ಹೇಳ್ತವು ಹೇಳಿ ಆನು ಕೇಳ್ಲೆ ಹೋಯಿದಿಲ್ಲೆ.

ಈಗ ನಿಂಗೊಗೆ ರಜ್ಜ ಬುದ್ಧಿಮಾತು. ಸುರು ಮಾಡ್ತರೆ "ಕಮ್ ಡ್ರಿಂಕ್ ವಿದ್ ಮಿ" ಅಥವಾ "36ತ್ ಚೇಂಬರ್" ಮಾಡಿ. ಸಣ್ಣ ಮಕ್ಕೊ ಇದ್ದರೆ ಎರಡನೆದೇ ಒಳ್ಳೆದು, ಸುರುವಾಣ ಕಾಲು ಗಂಟೆಲಿ ಸಾವು ನೋವು ಇದ್ದು, ಅದರ ದಾಂಟಿಸಿಗೊಳ್ಳಿ. "ಕಮ್ ಡ್ರಿಂಕ್"ಲಿ ನೆತ್ತರು ಇದ್ದು, ಒಂದು ಸಣ್ಣ ಮಾಣಿಯ ಮೇಲೆ ಕ್ರೌರ್ಯವೂ ಇದ್ದು, ಮಕ್ಕಳ ಒಟ್ಟಿಂಗೆ ನೋಡ್ತರೆ ಮದಲು ನಿಂಗೊ ನೋಡಿಗೊಳ್ಳಿ. "ಸೆವೆನ್ ಸಮುರಾಯ್" ಒಂದೇ ಇರುಳಿಲಿ ಮುಗಿಶುವೆ ಹೇಳಿ ಹಟ ಮಾಡೆಡಿ, ಮರದಿನ ಉದಿಯಪ್ಪಗ ದೋಸೆಗೆ ಕಡವಲೆ ಏಳ್ಲೆ ಎಡಿಯ. "ಕ್ರೌಚಿಂಗ್ ಟೈಗರ್" ಬೆಳದ ಕೂಸುಗಳ ಒಟ್ಟಿಂಗೆ, ಅಬ್ಬೆಯೋ ಅತ್ತೆಯೋ ಇದ್ದರೆ ಅವರೊಟ್ಟಿಂಗೆ ನೋಡಿ. ಕಡೇಣ ದೃಶ್ಯ ಎಂತ ಹೇಳಿ ಆನು ಹೇಳಿದ್ದಿಲ್ಲೆ, ಅದರ ಒಳುಶಿದ್ದೆ. ಮತ್ತೆ ಒಂದು ಮುಖ್ಯ ಸಂಗತಿ: ಒಲೆಲಿ ಕೊದಿಲು ಮಡಗಿಕ್ಕಿ ಕೂರೆಡಿ. ಅಡಿ ಹಿಡಿಗು.

ನೋಡಿ ಮುಗಿಶಿ ಅಪ್ಪಗ ಹತ್ತರೆ ಕೂದವರತ್ರೆ, ನಿಂಗೊಗೆ ಎಂತ ಕಲಿವಲೆ ಆಸೆ ಇತ್ತು ಹೇಳಿ ಒಂದರಿ ಕೇಳಿ. ಉತ್ತರ ಬಂದರೆ ಎನಗೂ ಬರದು ಕಳುಸಿ. ಎಂಗಳಲ್ಲಿ ಬಪ್ಪ ಶನಿವಾರಕ್ಕೆ ಹೊಸತ್ತು ಬೇಡಡ. ಬಂಗಾರದ ಹಕ್ಕಿಯನ್ನೇ ಇನ್ನೊಂದರಿ ಹಾಕು ಹೇಳಿ ಅತ್ತೆಯ ಅಪ್ಪಣೆ ಆಯಿದು.